ಬಾನಿನ ಬಾಣಂತಿಕೋಣೆ

ಹಿಂದಿನ ಮನೆಗಳಲ್ಲಿ ಬಾಣಂತಿಯ ಕೋಣೆಯೆಂದರೆ ಕತ್ತಲೆ, ಕಾವು, ಹೊಗೆ. ಕಿಟಕಿಗೆ ಕಂಬಳಿ, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ಸಾಂಬ್ರಾಣಿ. ಹೊರಗಿನವರ ಕಣ್ಣಿಗೆ ಕೂಸು ಬೀಳುವಂತಿರಲಿಲ್ಲ. ನಕ್ಷತ್ರಗಳು ಹುಟ್ಟುವ ಎಡೆಯೂ ಇಂಥದೇ ಎಂದರೆ ವಾಚಕರು ಅದನ್ನು ಕವಿಕಲ್ಪನೆಯೆಂದು ಭಾವಿಸಬಾರದು.

ಮಾಗಿಯ ಸಂಜೆ ಪೂರ್ವದಲ್ಲಿ ಮೇಲೇರುವ ಮಹಾವ್ಯಾಧನನ್ನು ಬಲ್ಲವರು ಅನೇಕರು. ಆತನ ನಡುಪಟ್ಟಿಯ ಮೂರು ನಕ್ಷತ್ರಗಳಿಂದ ತುಸು ದಕ್ಷಿಣಕ್ಕೆ, ಖಡ್ಗವೆನ್ನಿಸಿಕೊಂಡ ಸಾಲಿನ ನಡುವೆ, ಮಸುಕಾದೊಂದು ಚುಕ್ಕೆಯಿದೆ. ಬರಿಗಣ್ಣಿಗೆ ಬೆರಳಿನಿಂದ ಒರೆಸಿದ ಸುಣ್ಣದ ಗುರುತಿನಂತೆ ಕಾಣುವ ಇದು ಸುಮಾರು 1,300 ಜ್ಯೋತಿರ್ವರ್ಷಗಳಾಚೆಯ ನೀಹಾರಿಕೆ. ಅನಿಲ ಮತ್ತು ಧೂಳಿನ ಮಹಾರಾಶಿ.

1774ರಲ್ಲಿ ಇಂಗ್ಲೆಂಡಿನ ಬಾತ್ ನಗರದ ಸಂಗೀತಗಾರನೊಬ್ಬನು ತನ್ನ ದೂರದರ್ಶಕವನ್ನು ಇದರತ್ತ ತಿರುಗಿಸಿದನು. ಆತನೇ ವಿಲಿಯಂ ಹರ್ಷೆಲ್. ಮುಂದೆ ಸೂರ್ಯರಾಗಬೇಕಾದ ದ್ರವ್ಯವೇ ಇದಿರಬಹುದೆಂದು ಆತನು ಊಹಿಸಿದ್ದುಂಟು. 1800ರಲ್ಲಿ ಅದೇ ಹರ್ಷೆಲ್ ಬಿಸಿಲನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಬಿಡಿಸಿ, ಬಣ್ಣಗಳಲ್ಲಿ ಉಷ್ಣಮಾಪಕವನ್ನಿರಿಸಿ ಪರೀಕ್ಷಿಸುತ್ತಿರಲು, ಕೆಂಪಿನಾಚೆ, ಕಣ್ಣಿಗೆ ಏನೂ ಕಾಣದ ಎಡೆಯಲ್ಲಿಯೇ ಪಾದರಸವು ಎಲ್ಲಕ್ಕಿಂತ ಮೇಲೇರಿತು. ಇಂದು ಅವಕೆಂಪು ಕಿರಣವೆನ್ನುವುದು ಇದನ್ನೇ. ಒಲೆಯಿಂದಿಳಿಸಿದ ಕಾವಲಿ ಕತ್ತಲೆಯಲ್ಲಿ ಕಾಣದಿದ್ದರೂ, ಸಮೀಪಕ್ಕೆ ಹಿಡಿದ ಅಂಗೈಗೆ ಅದರ ಇರವನ್ನು ತಿಳಿಸುವುದು ಈ ಕಿರಣ. ಬೀಗವೂ ಹರ್ಷೆಲನ ಕೈಯಲ್ಲಿತ್ತು, ಬೀಗದ ಕೈಯೂ ಇತ್ತು. ಇದು ಅದಕ್ಕೆ ಸೇರಿದ್ದೆಂದು ತಿಳಿಯುವ ಮೊದಲೇ, 1822ರಲ್ಲಿ, ಆತನು ತೀರಿಕೊಂಡನು.

ನೀಹಾರಿಕೆಯ ಧೂಳಿನ ಕಣಗಳು ಅತಿ ಸೂಕ್ಷ್ಮವಾದವು. ಗೋಚರ ಬೆಳಕಿನ ಕಿರಿಯ ಅಲೆಗಳು ಅವುಗಳಿಗೆ ತಾಗಿ ಚೆದರಿಹೋಗುತ್ತವೆ. ಅವಕೆಂಪಿನ ನೀಳವಾದ ಅಲೆಗಳು ಬಹುಮಟ್ಟಿಗೆ ನುಸುಳಿ ಬರುತ್ತವೆ. ಒಳಗೆ ಅನಿಲದ ಮುದ್ದೆ ತನ್ನ ಭಾರಕ್ಕೆ ತಾನೇ ಕುಗ್ಗುತ್ತ ಕಾವೇರುತ್ತದೆ. ಆ ಕಾವಿಗೆ ಸುತ್ತಲಿನ ಧೂಳೂ ಬಿಸಿಯಾಗಿ ಅವಕೆಂಪನ್ನು ಸೂಸುತ್ತದೆ. ಮರೆಮಾಡುವ ಧೂಳೇ ಗುಟ್ಟನ್ನು ಹೊರಗೆಡಹುವುದೆಂದರೆ ವಿನೋದವಲ್ಲವೆ?

ಅಮೆರಿಕದ ಎರಿಕ್ ಬೆಕ್ಲಿನ್ ಮತ್ತು ಗೆರಿ ನ್ಯೂಗೆಬಾವರ್ ಎಂಬಿಬ್ಬರು ಈ ನೀಹಾರಿಕೆಯನ್ನು ಅವಕೆಂಪಿನಲ್ಲಿ ಶೋಧಿಸಿ, ಸಾಮಾನ್ಯ ಛಾಯಾಚಿತ್ರಗಳಲ್ಲಿ ಸುಳಿವೇ ಇಲ್ಲದ ಪ್ರಖರ ಬಿಂದುವೊಂದನ್ನು ಕಂಡು 1967ರಲ್ಲಿ ಪ್ರಕಟಿಸಿದರು. ಸೂರ್ಯನ ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಕಾದಿದ್ದರೆ, ಇದರ ಕಾವು ಕೆಲವು ನೂರು ಡಿಗ್ರಿಯಷ್ಟೇ ಎಂದು ತೋರಿತು. ಅದು ಧೂಳಿನ ಹೊದಿಕೆಯ ಕಾವು. ಒಳಗಿದ್ದುದು ಎಳೆಯ ನಕ್ಷತ್ರ.

2021ರ ಡಿಸೆಂಬರ್ 25ರಂದು ಹಾರಿದ ವೆಬ್ ದೂರದರ್ಶಕವು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ, ಸೂರ್ಯನಿಗೆ ಐದು ಪದರದ ತೆರೆಯನ್ನು ಅಡ್ಡಹಿಡಿದು ನಿಂತಿದೆ. ಅದರ ಉಪಕರಣವೊಂದನ್ನು ಶೂನ್ಯಕ್ಕಿಂತ 266 ಡಿಗ್ರಿ ಕೆಳಗಿನ ಚಳಿಯಲ್ಲಿ ಇರಿಸಲಾಗಿದೆ. ಇಲ್ಲವಾದರೆ ತನ್ನ ಮೈಬಿಸಿಯೇ ತನಗೆ ಕಣ್ಣು ಕುಕ್ಕೀತು! ಅದು ಕಳುಹಿಸಿದ ಚಿತ್ರಗಳಲ್ಲಿ ಧೂಳು ತೆಳುವಾಗಿ, ಹಿಂದೆ ಅಡಗಿದ್ದ ಎಳೆಯ ನಕ್ಷತ್ರಗಳು ಗುಂಪುಗುಂಪಾಗಿ ತೋರುತ್ತವೆ.

ಬೆಕ್ಲಿನ್ನರು ಕಂಡ ಶಿಶುವಿನ ಕಥೆ ಮಾತ್ರ ಅಷ್ಟಕ್ಕೇ ನಿಲ್ಲಲಿಲ್ಲ. ಸೂರ್ಯನ ಸುಮಾರು ಹತ್ತು ಪಟ್ಟು ತೂಗುವ ಅದು ಸೆಕೆಂಡಿಗೆ 20 ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ಓಡುತ್ತಿದೆ. ರೇಡಿಯೋ ದೂರದರ್ಶಕಗಳಿಂದ ಅದರ ಜಾಡನ್ನು ಹಿಂದಕ್ಕೆ ಎಳೆದು ನೋಡಿದಾಗ, ಸುಮಾರು 500 ವರ್ಷಗಳ ಹಿಂದೆ ಅದೂ ಅದರ ನೆರೆಯ ಇನ್ನೊಂದು ಎಳೆಯ ನಕ್ಷತ್ರವೂ ಒಂದೇ ಎಡೆಯಲ್ಲಿದ್ದವೆಂದು ತಿಳಿದುಬಂದಿತು. ಒಡಹುಟ್ಟಿದವು ಅತಿ ಸಮೀಪಕ್ಕೆ ಬಂದು, ಪರಸ್ಪರ ಸೆಳೆತದ ಹೊಯ್ದಾಟದಲ್ಲಿ ದಿಕ್ಕಿಗೊಂದಾಗಿ ಎಸೆಯಲ್ಪಟ್ಟವೆಂಬುದು ವಿಜ್ಞಾನಿಗಳ ಅಭಿಪ್ರಾಯ. ಬೆಳಕು ಇಲ್ಲಿಗೆ ಬಂದು ತಲಪಲು ಹಿಡಿದ 1,300 ವರ್ಷಗಳು ಈ ಲೆಕ್ಕಕ್ಕೆ ಸೇರಿಲ್ಲ.