ಮೇಘಮಲೆ ದಾರಿ: ದನಕ್ಕೆ ತಡೆ, ಕಾರಿಗೆ ಸಡಗರವೇ?

ತಮಿಳುನಾಡಿನ ತೇಣಿ ಜಿಲ್ಲೆಯ ಚಿನ್ನಮನೂರಿನಿಂದ ಮೇಘಮಲೆಗೆ ಹತ್ತುವ ಘಾಟಿ ರಸ್ತೆಯ ಮಾತು ಬಂದರೆ ಸಾಕು, ‘ರಸ್ತೆ ಅಗಲವಾಗಲಿ, ಗಾಡಿಗಳು ಬರಲಿ, ಊರಿಗೆ ನಾಲ್ಕು ಕಾಸು ಆಗಲಿ’ ಎನ್ನುವವರು ಕಣಿವೆಯ ಪೇಟೆಗಳಲ್ಲಿ ಸಿಕ್ಕೇ ಸಿಗುತ್ತಾರೆ. ವ್ಯಾಪಾರ ಮಾಡುವವರು ಹಾಗೆ ಹೇಳುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಲೇಖಕನ ಅಭಿಪ್ರಾಯ ಬೇರೆ. ಆ ರಸ್ತೆ ಈಗ ಎಷ್ಟಿದೆಯೋ ಅಷ್ಟೇ ಇರಲಿ. ಪ್ರವಾಸಿ ಕಾರುಗಳಿಗೆ ದಿನಕ್ಕೆ ಇಷ್ಟೇ ಎಂದು ಲೆಕ್ಕ ಕಟ್ಟಲಿ. ಬಸ್ಸು, ತೋಟದ ಗಾಡಿ, ಸೈಕಲ್ಲು, ಈ ಮೂರಕ್ಕೆ ಮೊದಲ ಜಾಗ ಸಿಗಲಿ.

ಸೈಕಲ್ಲೇ ಎಂದು ನಗಬೇಡಿ. ಮುಂದೆ ಓದಿ.

ಕಂಬಂ ಕಣಿವೆ ನಮಗೆ ಅಷ್ಟೇನೂ ದೂರದ ಊರಲ್ಲ. ಅಲ್ಲಿನ ಕಪ್ಪಿಲಿಯರು ಮನೆಯೊಳಗೆ ಇವತ್ತಿಗೂ ಕನ್ನಡ ಆಡುವವರು, ಬೀದಿಗೆ ಬಂದರೆ ತಮಿಳು. ಹಿಂದೆ ಯಾವುದೋ ಕಾಲದಲ್ಲಿ ದನ ಹೊಡೆದುಕೊಂಡು ದಕ್ಷಿಣಕ್ಕೆ ಇಳಿದು ಬಂದ ಕಥೆಯನ್ನು ಹಿರಿಯರು ಹೇಳಿಕೊಳ್ಳುತ್ತಾರೆ. ಕಂಬಂ ಪಟ್ಟಣದ ನಂದಗೋಪಾಲನ ದೊಡ್ಡಿಯಲ್ಲಿ ‘ತಂಬಿರಾನ್ ಮಾಡು’ ಎಂದು ದೇವರ ದನಗಳನ್ನು ಸಾಕುತ್ತಾರೆ, ಮಾಟ್ಟುಪೊಂಗಲ್ ದಿವಸ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೊಲದಲ್ಲಿ ಮುಲ್ಲಪೆರಿಯಾರಿನ ನೀರು, ಭತ್ತ, ತೆಂಗು, ಬಾಳೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಪನ್ನೀರ್ ದ್ರಾಕ್ಷಿ. ಪಕ್ಕದ ಬೋಡಿಯಲ್ಲಿ ಏಲಕ್ಕಿ ಹರಾಜು. ತಾಳವಾಡಿಯ ರೈತನಿಗೂ ಗುಂಡ್ಲುಪೇಟೆಯ ತರಕಾರಿ ಮಂಡಿಯವನಿಗೂ ಕಾಡಿನ ರಸ್ತೆಯ ತಂಟೆ ಏನೆಂದು ಗೊತ್ತು. ಅವರ ಸಮಸ್ಯೆ, ಇವರ ಸಮಸ್ಯೆ ಎರಡೂ ಒಂದೇ ಎತ್ತಿನ ಎರಡು ಕೊಂಬು.

ಮೊದಲು ರಸ್ತೆಯನ್ನು ನೋಡೋಣ. ಚಿನ್ನಮನೂರು ಬಿಟ್ಟು ಬಾಳೆತೋಟಗಳನ್ನು ದಾಟಿದರೆ ತೆನ್‌ಪಳನಿ ಅರಣ್ಯ ಚೆಕ್‌ಪೋಸ್ಟ್. ಬೆಳಿಗ್ಗೆ 6ರಿಂದ ಸಂಜೆ 6, ಅಷ್ಟೇ ಹೊತ್ತು ಬಾಗಿಲು. ಅಲ್ಲಿಂದ 18 ಹೇರ್‌ಪಿನ್ ತಿರುವು. ಒಂದೊಂದು ತಿರುವಿಗೂ ಸಂಗಂ ಕಾಲದ ಒಂದೊಂದು ಹೂವಿನ ಹೆಸರು. ಯಾರ ತಲೆಗೆ ಹೊಳೆಯಿತೋ, ಒಳ್ಳೆಯ ಕೆಲಸ ಮಾಡಿದ್ದಾರೆ. ಮೇಲೆ ಹೈವೇವಿಸ್, ಮಣಲಾರು, ವೆಣ್ಣಿಯಾರು, ಇರವಂಗಲಾರು, ಮಹಾರಾಜಮೆಟ್ಟು ಎಂದು ಟೀ ತೋಟಗಳು, ನಡುವೆ ಸಣ್ಣಸಣ್ಣ ಅಣೆಕಟ್ಟುಗಳು. ಕೆಳಗಿನ ಪೇಟೆಯಿಂದ ಸುಮಾರು 40 ಕಿ.ಮೀ. ದಾರಿ, ಒಂದು ಸಾವಿರ ಮೀಟರಿಗೂ ಮಿಕ್ಕ ಏರು. ಹಿಂದೆ ಕಿತ್ತು ಎದ್ದುಹೋಗಿದ್ದ ರಸ್ತೆ, ಡಾಂಬರು ಬಿದ್ದ ಮೇಲೆ ನುಣ್ಣಗಾಗಿದೆ. ನುಣ್ಣಗಾದದ್ದೇ ತಡ, ರಜೆ ದಿನ ಕಾರು ಸಾಲುಗಟ್ಟಿದವು. ಕೆಲಸದ ದಿನ ಮುಂಜಾನೆ ಹೋಗಿ ನೋಡಿ, ಒಂದೆರಡು ಬಸ್ಸು, ತೋಟದ ಜೀಪು ಬಿಟ್ಟರೆ ರಸ್ತೆ ಖಾಲಿ. ಸೈಕಲ್ ತುಳಿಯುವವನಿಗೆ ದಕ್ಷಿಣ ಭಾರತದಲ್ಲಿ ಇಂಥ ದಾರಿಗಳು ಬೆರಳೆಣಿಕೆಯಷ್ಟು ಮಾತ್ರ.

ಈ ಮಲೆ ಈಗ ಶ್ರೀವಿಲ್ಲಿಪುತ್ತೂರು–ಮೇಘಮಲೆ ಹುಲಿ ಮೀಸಲು. 2021ರ ಫೆಬ್ರವರಿಯಲ್ಲಿ ಘೋಷಣೆಯಾಯಿತು, ಒಂದು ಸಾವಿರ ಚದರ ಕಿ.ಮೀ.ಗೂ ಹೆಚ್ಚು ವಿಸ್ತೀರ್ಣ. ವೈಗೈ ಹುಟ್ಟುವುದು ಈ ಸಾಲಿನಲ್ಲೇ. ಮರುವರ್ಷ, 2022ರ ಮಾರ್ಚಿನಲ್ಲಿ, ಮದ್ರಾಸ್ ಹೈಕೋರ್ಟು ಕಾಡಿನಲ್ಲಿ ದನ ಮೇಯಿಸುವುದನ್ನು ನಿಷೇಧಿಸಿತು. ಮೊದಲು ರಾಜ್ಯದ ಎಲ್ಲ ಕಾಡಿಗೂ ಎಂದಿದ್ದನ್ನು ಆಮೇಲೆ ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲುಗಳಿಗೆ ಮಾತ್ರ ಎಂದು ತಿದ್ದಿತು. ತೇಣಿಯ ‘ಮಲೈ ಮಾಡು’ ಸಾಕುವವರಿಗೆ ಆ ತಿದ್ದುಪಡಿಯಿಂದ ಏನು ಬಂತು? ಅವರ ದನ ಮೇಯುತ್ತಿದ್ದ ಜಾಗವೇ ಹುಲಿ ಮೀಸಲು.

ಇಲ್ಲಿಯೇ ನನ್ನ ತಕರಾರು. ಅಜ್ಜ ಮುತ್ತಜ್ಜನ ಕಾಲದಿಂದ ಮಲೆ ಹತ್ತಿ ಇಳಿಯುತ್ತಿದ್ದ ದನಕ್ಕೆ ‘ನೀನು ಕಾಡಿಗೆ ಭಾರ’ ಎಂದು ಹೇಳಿದ ಮೇಲೆ, ಹಾರನ್ ಹೊಡೆಯುತ್ತಾ ಸಾಲಾಗಿ ಹತ್ತುವ ಕಾರಿಗೆ ಕೆಂಪು ಹಾಸು ಹಾಸುವುದು ಯಾವ ನ್ಯಾಯ ಸ್ವಾಮಿ? ದನ ಬೇಡವೆಂದರೆ ಬೇಡ, ಹುಲಿಗೆ ಜಾಗ ಬೇಕು, ಸರಿ, ಒಪ್ಪೋಣ. ಆದರೆ ಆ ಕಟ್ಟುನಿಟ್ಟು ನಗರದಿಂದ ಬರುವ ಕಾರಿಗೂ ಅನ್ವಯಿಸಬೇಕಲ್ಲ. ಹಳ್ಳಿಯವನಿಗೆ ಒಂದು ಕಾನೂನು, ಶನಿವಾರ ಭಾನುವಾರ ಬರುವವನಿಗೆ ಇನ್ನೊಂದು ಎಂದಾದರೆ ಕಾಡು ಉಳಿಸಿ ಎನ್ನುವ ಮಾತಿಗೆ ಕಣಿವೆಯಲ್ಲಿ ಕಿವಿಗೊಡುವವರು ಯಾರು?

ಕಾರಿಗೆ ಮಿತಿ ಹಾಕುವುದು ಆಗದ ಹೋಗದ ಮಾತು ಎನ್ನಬೇಡಿ. ಪಕ್ಕದ ದಿಂಡಿಗಲ್ ಜಿಲ್ಲೆಯಲ್ಲೇ ಆಗಿದೆ. ಕೊಡೈಕೆನಾಲ್‌ಗೆ ಹೋಗುವ ವಾಹನಕ್ಕೆ 2024ರ ಮೇ 7ರಿಂದ ಇ-ಪಾಸ್ ಬಂತು. 2025ರ ಏಪ್ರಿಲ್‌ನಿಂದ ವಾರದ ದಿನಗಳಲ್ಲಿ 4000, ವಾರಾಂತ್ಯದಲ್ಲಿ 6000 ವಾಹನ ಎಂದು ಹೈಕೋರ್ಟೇ ಮಿತಿ ಹಾಕಿತು. ನಮ್ಮ ಓದುಗರು ಗಮನಿಸಬೇಕಾದ್ದು ಇನ್ನೊಂದಿದೆ: ಆ ಲೆಕ್ಕದಿಂದ ಸರ್ಕಾರಿ ಬಸ್ಸನ್ನೂ ರೈತರ ಬೆಳೆ ಸಾಗಿಸುವ ಗಾಡಿಯನ್ನೂ ಹೊರಗಿಟ್ಟರು. ಮಿತಿ ಎಂದ ಕೂಡಲೇ ‘ನಮ್ಮ ಬೆಳ್ಳುಳ್ಳಿ ಕೊಳೆಯುತ್ತೆ’ ಎಂದು ಗಾಬರಿಪಡುವ ಅಗತ್ಯವಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಕೊಡೈನ ಆಚೆ ಬೆರಿಜಂ ಕೆರೆಗೆ ಹೋಗುವ ಕಾಡು ರಸ್ತೆಯಲ್ಲಂತೂ ದಿನಕ್ಕೆ ಇಷ್ಟೇ ಗಾಡಿ ಎಂದು ಅರಣ್ಯ ಇಲಾಖೆ ಪರವಾನಗಿ ಕೊಟ್ಟು ಬಿಡುವುದು ಹಳೆಯ ಪದ್ಧತಿ. ಕೊಡೈಗೆ ಆದದ್ದು ಮೇಘಮಲೆಗೆ ಏಕೆ ಆಗದು? ಕೊಡೈ ಕೆಟ್ಟ ಮೇಲೆ ಮಿತಿ ಬಂತು, ಇಲ್ಲಿ ಕೆಡುವ ಮುಂಚೆ ಬರಲಿ.

ಇನ್ನು ರಸ್ತೆಯ ಅಗಲದ ವಿಚಾರ. ಕಿರಿದಾದ ರಸ್ತೆಯ ಮೇಲೆ ಎರಡೂ ಕಡೆಯ ಮರದ ಕೊಂಬೆ ಕೂಡಿಕೊಂಡಿರುತ್ತವೆ. ಮೇಘಮಲೆಯಲ್ಲಿ ಸಿಂಗಳೀಕಗಳಿವೆ, ಅವು ಮರದಿಂದ ಮರಕ್ಕೆ ಹೋಗುವ ಪ್ರಾಣಿ. ರಸ್ತೆ ಅಗಲ ಮಾಡಿ ಕೊಂಬೆ ಕಡಿದರೆ ನೆಲಕ್ಕಿಳಿದು ದಾಟಬೇಕು, ಆಗ ಚಕ್ರಕ್ಕೆ ಸಿಗುತ್ತವೆ. ವಾಲ್ಪಾರೈಯಲ್ಲಿ ಹೀಗೇ ಆಗಿ, ರಸ್ತೆಯ ಮೇಲೆ ಹಗ್ಗದ ಸೇತುವೆ ಕಟ್ಟುವ ಪಾಡು ಬಂತು. ಮೇಘಮಲೆಯ ಇನ್ನೊಂದು ಜೀವಿ ಸಲೀಂ ಅಲಿ ಹೆಸರಿನ ಹಣ್ಣುಬಾವಲಿ. 1948ರಲ್ಲಿ ಇದೇ ಹೈವೇವಿಸ್‌ನಲ್ಲಿ ಸಿಕ್ಕಿದ್ದು, ಅದು ಹೊಸ ಜಾತಿ ಎಂದು ಗೊತ್ತಾದದ್ದು 1972ರಲ್ಲಿ. ಇಪ್ಪತ್ತನಾಲ್ಕು ವರ್ಷ! ಈ ಕಾಡಿನಲ್ಲಿ ಇನ್ನೂ ಏನೇನಿದೆಯೋ ಬಲ್ಲವರಾರು.

ಆನೆಯ ಮಾತನ್ನು ಕಂಬಂನವರಿಗೆ ಹೇಳಿಕೊಡಬೇಕಾಗಿಲ್ಲ. 2023ರಲ್ಲಿ ಕೇರಳದ ಚಿನ್ನಕನಾಲ್‌ನಿಂದ ಹಿಡಿದು ಪೆರಿಯಾರ್ ಕಾಡಿಗೆ ಬಿಟ್ಟ ‘ಅರಿಕೊಂಬನ್’ ಗುಡ್ಡ ದಾಟಿ ಮೇಘಮಲೆಗೆ ಬಂತು, ಮೇ 27ರಂದು ಕಂಬಂ ಪಟ್ಟಣದ ಬೀದಿಗೇ ಇಳಿಯಿತು. ಜೂನ್ 5ರಂದು ಅದನ್ನು ಹಿಡಿದು ತಿರುನೆಲ್ವೇಲಿ ಕಡೆಯ ಕಾಡಿಗೆ ಸಾಗಿಸುವ ತನಕ ಮೇಘಮಲೆಗೆ ಪ್ರವಾಸಿಗರನ್ನು ಬಿಡಲಿಲ್ಲ. ಕಾಡಿನಲ್ಲಿ ಒಂದು ಆನೆ ದಾರಿ ತಪ್ಪಿದರೆ ಕೆಳಗೆ ಪೇಟೆಯ ಬಾಗಿಲು ಹಾಕುತ್ತದೆ. ವ್ಯಾಪಾರಿಗಳು ಇದನ್ನು ಖರ್ಚಿನ ಕಾಲಮ್ಮಿನಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

‘ಸರಿಯಪ್ಪಾ, ಕಾರು ಕಡಿಮೆಯಾದರೆ ನಮ್ಮ ಹೊಟ್ಟೆಗೇನು?’ ನ್ಯಾಯವಾದ ಪ್ರಶ್ನೆ. ಸೈಕಲ್ಲಿನವರಿಂದ ಊರು ಉದ್ಧಾರವಾಗುತ್ತದೆ ಎನ್ನುವ ಮರುಳ ನಾನಲ್ಲ. ಅವರ ಸಂಖ್ಯೆ ಚಿಕ್ಕದು, ಚಿಕ್ಕದಾಗಿಯೇ ಇರುತ್ತದೆ. ಆದರೆ ಲೆಕ್ಕ ಹಾಕುವ ರೀತಿಯಲ್ಲಿ ವ್ಯತ್ಯಾಸವಿದೆ. ಕಾರಿನವನು ಡಿಕ್ಕಿಯಲ್ಲಿ ಪುಳಿಯೋಗರೆ, ನೀರಿನ ಕೇಸು ತುಂಬಿಕೊಂಡು ಬಂದು, ಫೋಟೋ ತೆಗೆದು, ಸಂಜೆಯೊಳಗೆ ಇಳಿದುಬಿಡುತ್ತಾನೆ. ಬಿಟ್ಟುಹೋಗುವುದು ಪ್ಲಾಸ್ಟಿಕ್ಕು. ಸೈಕಲ್ಲಿನವನು ಹಸಿದಿರುತ್ತಾನೆ. ಕೆಳಗಿನ ಪೇಟೆಯಲ್ಲಿ ಹಿಂದಿನ ರಾತ್ರಿ ತಂಗಬೇಕು, ನಸುಕಿನಲ್ಲಿ ಇಡ್ಲಿ ತಿನ್ನಬೇಕು, ದಾರಿಯಲ್ಲಿ ಬಾಳೆಹಣ್ಣು, ಮೇಲೆ ಟೀ, ಊಟ, ಸಾಧ್ಯವಾದರೆ ರಾತ್ರಿ ವಸತಿ. ಬೆಂಗಳೂರು ಮೈಸೂರಿನಲ್ಲಿ ಇಂಥವರ ಕೊರತೆಯಿಲ್ಲ. 2008ರಿಂದ ನಡೆದುಬಂದಿರುವ ‘ಟೂರ್ ಆಫ್ ನೀಲಗಿರೀಸ್’ ಸೈಕಲ್ ಯಾತ್ರೆಯನ್ನು ನೋಡಿದವರಿಗೆ ಗೊತ್ತು, ದೂರದ ದೇಶಗಳಿಂದಲೂ ಜನ ಬಂದು ನಮ್ಮ ಘಾಟಿ ತುಳಿಯುತ್ತಾರೆ. ಮೀಟರ್‌ಗೇಜು ಕಿತ್ತು 12 ವರ್ಷ ಬರಿದಾಗಿದ್ದ ಬೋಡಿ ಸ್ಟೇಷನ್ನಿಗೆ 2023ರ ಜೂನ್‌ನಿಂದ ಮತ್ತೆ ರೈಲು ಬರುತ್ತಿದೆ. ಲಗೇಜು ವ್ಯಾನಿನಲ್ಲಿ ಸೈಕಲ್ ಹಾಕಿಕೊಂಡು ಮಧುರೆಯಿಂದ ಬರಲು ಅನುಕೂಲ ಮಾಡಿಕೊಟ್ಟರೆ ಕಾರಿನ ಹಂಗೇ ಬೇಡ.

ಮೇಘಮಲೆ ಒಂದೇ ಅಲ್ಲ. ಪೆರಿಯಕುಳಂನಿಂದ ಕುಂಬಕ್ಕರೈ, ಅಡುಕ್ಕಂ ಮೇಲೆ ಪೆರುಮಾಳ್‌ಮಲೈಗೆ ಸೇರುವ ಕಿರಿದಾದ ರಸ್ತೆಯಿದೆ. ಬತ್ತಲಗುಂಡು ಘಾಟಿಯ ನೂಕುನುಗ್ಗಲು ಅಲ್ಲಿಲ್ಲ, ಆದರೆ ಮಳೆಗಾಲದಲ್ಲಿ ಗುಡ್ಡ ಜರಿಯುತ್ತದೆ, ವಿಚಾರಿಸದೆ ಹೋಗಬಾರದು. ದಿಂಡಿಗಲ್ ಪಕ್ಕದ ಶಿರುಮಲೈ ಹೊಸಬರಿಗೆ ಹೇಳಿ ಮಾಡಿಸಿದ್ದು. ಅಲ್ಲಿಯೂ 18 ತಿರುವು, ಏರು ಇಷ್ಟು ಉದ್ದವಿಲ್ಲ. 2008ರಲ್ಲೇ ಭೌಗೋಳಿಕ ಗುರುತು ಪಡೆದ ಅಲ್ಲಿನ ಮಲೆಬಾಳೆಯನ್ನು ಕುದುರೆಗಳ ಮೇಲೆ ಹೇರುವುದನ್ನೂ ನೋಡಬಹುದು. ಬೋಡಿಮೆಟ್ಟು, ಕಂಬಂಮೆಟ್ಟು ಮಾತ್ರ ಬೇಡ. ಬೋಡಿಮೆಟ್ಟು ರಾಷ್ಟ್ರೀಯ ಹೆದ್ದಾರಿ. ಎರಡರಲ್ಲೂ ಮುಂಜಾನೆ ಇಡುಕ್ಕಿಯ ಏಲಕ್ಕಿ ತೋಟಕ್ಕೆ ಹೆಣ್ಣಾಳುಗಳನ್ನು ತುರುಕಿಕೊಂಡು ಜೀಪುಗಳು ಓಡುತ್ತವೆ, ಸಂಜೆ ಅದೇ ಓಟದಲ್ಲಿ ಇಳಿಯುತ್ತವೆ. ಅವರದು ಕೂಲಿಯ ಅವಸರ, ಅಡ್ಡ ಹೋಗಬಾರದು. ಶಬರಿಮಲೆ ಕಾಲದಲ್ಲಿ ಕಂಬಂಮೆಟ್ಟಿನ ಮೇಲೆ ಹೋಗಿ ಕುಮಳಿಯ ಮೇಲೆ ಬರುವ ಏಕಮುಖ ವ್ಯವಸ್ಥೆ ಬೇರೆ.

ಒಂದು ಎಚ್ಚರಿಕೆ. ಮಿತಿಯ ಹೆಸರಲ್ಲಿ ಊರಿನವರ ಕುತ್ತಿಗೆಗೆ ಹಗ್ಗ ಹಾಕಬಾರದು. 2022ರ ಫೆಬ್ರವರಿಯಲ್ಲಿ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರ ನಿಷೇಧ ಜಾರಿಯಾದಾಗ ತಾಳವಾಡಿಯ ನಮ್ಮ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ತರಕಾರಿ ಕಾಯುವುದಿಲ್ಲ, ಹೆರಿಗೆ ನೋವು ಗೇಟಿನ ಗಂಟೆ ನೋಡಿ ಬರುವುದಿಲ್ಲ. ಆಮೇಲೆ ಸ್ಥಳೀಯರಿಗೆ ರಿಯಾಯಿತಿ ಸಿಕ್ಕಿತು, ಆ ರಿಯಾಯಿತಿ ಮೊದಲ ದಿನವೇ ಇರಬೇಕಿತ್ತು. ಮೇಘಮಲೆಯಲ್ಲೂ ತೋಟದ ಕೂಲಿಯವರಿಗೆ, ಅವರ ಶಾಲೆಯ ಮಕ್ಕಳಿಗೆ, ಆಸ್ಪತ್ರೆಗೆ ಇಳಿಯುವವರಿಗೆ ಬಸ್ಸು ಹೆಚ್ಚಿಸುವುದೇ ಮೊದಲ ಕೆಲಸ. ತೇವಾರಂನವರು ಶಾಕ್ಕುಳತ್ತುಮೆಟ್ಟಿನ ಮೇಲೆ ಕೇರಳಕ್ಕೆ ರಸ್ತೆ ಬೇಕೆಂದು ಬಹಳ ಕಾಲದಿಂದ ಕೇಳುತ್ತಿದ್ದಾರೆ. ಅದು ಕೂಲಿ, ಬೆಳೆಗಳ ಪ್ರಶ್ನೆ, ಆ ಅಳತೆಯಲ್ಲೇ ತೀರ್ಮಾನವಾಗಲಿ. ಪ್ರವಾಸೋದ್ಯಮದ ಬಾಲ ಅದಕ್ಕೆ ಕಟ್ಟುವುದು ಬೇಡ.

ಸೈಕಲ್ಲಿನವರಿಗೂ ಕಟ್ಟಳೆ ಇರಲೇಬೇಕು. 2018ರ ಮಾರ್ಚಿನಲ್ಲಿ ಬೋಡಿ ಬಳಿಯ ಕುರಂಗಣಿ ಕಾಡ್ಗಿಚ್ಚಿನಲ್ಲಿ ಚಾರಣಕ್ಕೆ ಹೋದ 20ಕ್ಕೂ ಹೆಚ್ಚು ಮಂದಿ ಸುಟ್ಟು ಸತ್ತರು. ಬೇಸಿಗೆಯ ಬೆಂಕಿ ತಿಂಗಳುಗಳಲ್ಲಿ ಗೇಟು ಹಾಕಿದರೆ ಗೊಣಗದೆ ಹಿಂದಿರುಗಬೇಕು. ತೆನ್‌ಪಳನಿಯಲ್ಲಿ ಸೈಕಲ್ಲಿಗೆಂದೇ ನಿಯಮ ಬರೆದ ಫಲಕ ಹಾಕಲಿ: ಬೆಳಿಗ್ಗೆ 9ರೊಳಗೆ ಒಳಗೆ, ಹೆಸರು ಊರು ನೋಂದಣಿ, ಇಬ್ಬರಿಗಿಂತ ಕಡಿಮೆ ಬೇಡ, ಡಾಂಬರು ಬಿಟ್ಟು ಇಳಿಯುವಂತಿಲ್ಲ, ಆನೆ ಕಂಡರೆ ನಿಂತು ಹಿಂದಕ್ಕೆ. ವಾರದಲ್ಲಿ ಒಂದು ದಿನ, ಮಂಗಳವಾರವೋ ಬುಧವಾರವೋ, ಪ್ರವಾಸಿ ಕಾರು ಇಲ್ಲದ ದಿನ ಎಂದು ಸಾರಿ ಆರು ತಿಂಗಳು ಪ್ರಯೋಗ ಮಾಡಿ ನೋಡಲಿ. ಖರ್ಚು ಒಂದು ಫಲಕ, ಒಂದು ಪುಸ್ತಕ. ಚಿನ್ನಮನೂರಿನ ಹೋಟೆಲಿನವರು, ಹಣ್ಣಿನ ಅಂಗಡಿಯವರು ಆ ಆರು ತಿಂಗಳ ಗಲ್ಲಾ ಲೆಕ್ಕ ಬೇರೆ ಬರೆದಿಟ್ಟು, ಜಿಲ್ಲಾಧಿಕಾರಿಗಳ ಮುಂದೆ ಅದನ್ನೇ ಇಡಲಿ.