ಮೀನಿಗೆ ಬೇಕಾದ ನೀರು, ಅಂಗಡಿ ಮಾರುವ ನೀರು

ನಮ್ಮ ಮೇಲಿನ ಮಹಡಿಯಲ್ಲಿ ಗದಗದಿಂದ ಬಂದು ಪುಣೆಯಲ್ಲಿ ನೆಲೆಸಿದ ಒಂದು ಕುಟುಂಬವಿದೆ. ಮಗಳಿಗೆ ಒಂಬತ್ತು ವರ್ಷ. ಹುಟ್ಟುಹಬ್ಬಕ್ಕೆಂದು ಅವಳಪ್ಪ ನೂರು ಲೀಟರಿನ ಗಾಜಿನ ತೊಟ್ಟಿಯನ್ನೂ ನಾಲ್ಕು ಗೋಲ್ಡ್‌ಫಿಶ್‌ಗಳನ್ನೂ ತಂದರು. ಅಂಗಡಿಯವರ ಮಾತು ಕೇಳಿ ಜೊತೆಗೊಂದು ಆರ್‌ಓ ಯಂತ್ರ, ಒಂದು ಯುವಿ ದೀಪ. ಮೀನಿಗಾದ ಖರ್ಚು ಯಂತ್ರದ ಖರ್ಚಿನ ಮುಂದೆ ಲೆಕ್ಕಕ್ಕೇ ಇಲ್ಲ. ಹನ್ನೊಂದನೆಯ ದಿನಕ್ಕೆ ನಾಲ್ಕೂ ಮೀನು ಸತ್ತಿದ್ದವು. ‘ಕಾಕಾ, ನಾ ಭಾಳ ಊಟ ಹಾಕಿದ್ನೇನು?’ ಎಂದು ಹುಡುಗಿ ನನ್ನನ್ನು ಕೇಳಿದಳು. ಅಂಗಡಿಯವರು ಮಾತ್ರ ನೀರು ಇನ್ನೂ ಶುದ್ಧವಾಗಬೇಕು, ದೊಡ್ಡ ಯಂತ್ರ ಹಾಕಿಸಿ ಎಂದರಂತೆ.

ನನ್ನ ಸಿಟ್ಟು ಇರುವುದು ಆ ಉತ್ತರದ ಮೇಲೆ. ಆ ಮೀನುಗಳು ಸತ್ತದ್ದು ನೀರು ಅಶುದ್ಧವಾಗಿದ್ದರಿಂದಲ್ಲ, ತೊಟ್ಟಿ ಇನ್ನೂ ಬದುಕಲು ಕಲಿತಿರಲಿಲ್ಲ.

ಮೀನು ತಾನಿರುವ ನೀರಿಗೇ ಅಮೋನಿಯಾ ಬಿಡುತ್ತದೆ. ಉಳಿದ ಆಹಾರ ಕೊಳೆತರೂ ಅಮೋನಿಯಾ. ಅದು ಕಿವಿರನ್ನು ಸುಡುತ್ತದೆ. ಕೆರೆಯಲ್ಲಿ, ಹೊಳೆಯಲ್ಲಿ ಬ್ಯಾಕ್ಟೀರಿಯಾಗಳ ಒಂದು ಗುಂಪು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೈಟ್ ಕೂಡ ವಿಷವೇ. ನೈಟ್ರೇಟ್ ಅಷ್ಟು ಅಪಾಯಕಾರಿಯಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹತೋಟಿಯಲ್ಲಿರುತ್ತದೆ. ಈ ಬ್ಯಾಕ್ಟೀರಿಯಾ ಸ್ಪಂಜಿನ ಮೇಲೆ, ಕಲ್ಲುಹರಳಿನ ಮೇಲೆ ಕೂತು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಂದರೆ ತೊಟ್ಟಿಯ ನಿಜವಾದ ಶುದ್ಧೀಕರಣ ಯಂತ್ರ ಜೀವಂತವಾದದ್ದು, ಕಂದುಬಣ್ಣದ್ದು, ಲೋಳೆಯಂಥದ್ದು. ಅದು ಡಬ್ಬದಲ್ಲಿ ಹೊಳೆಯುವುದಿಲ್ಲ. ಆರು ವಾರ ಕಾಯಿರಿ ಎಂದು ಹೇಳಿದರೆ ಅಂದಿನ ವ್ಯಾಪಾರ ಕೈತಪ್ಪುತ್ತದೆ.

ಅದಕ್ಕೇ ಟಿಡಿಎಸ್ ಪೆನ್ನಿನ ನಾಟಕ. ನಲ್ಲಿ ನೀರಿಗೆ ಅದ್ದಿ ಒಂದು ಅಂಕಿ, ಆರ್‌ಓ ನೀರಿಗೆ ಅದ್ದಿ ಇನ್ನೊಂದು ಅಂಕಿ ತೋರಿಸುತ್ತಾರೆ. ಆ ಪೆನ್ನು ಹೇಳುವುದು ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಮಾತ್ರ. ಮೀನನ್ನು ಕೊಲ್ಲುವಷ್ಟು ಕ್ಲೋರಿನ್ ಇದೆಯೇ, ಅಮೋನಿಯಾ ಇದೆಯೇ ಎಂಬುದನ್ನು ಅದು ಹೇಳುವುದಿಲ್ಲ. ಯುವಿ ದೀಪವೂ ಅಷ್ಟೇ. ತೇಲುವ ಪಾಚಿ, ರೋಗಾಣುಗಳನ್ನು ಕೊಲ್ಲಬಹುದು, ಅಮೋನಿಯಾವನ್ನು ಇಳಿಸಲಾರದು.

ಪುಣೆಯಲ್ಲಿ ಆರ್‌ಓ ಇನ್ನೂ ಅಸಂಗತ. ನಮ್ಮ ನಲ್ಲಿಗೆ ಬರುವ ಖಡಕವಾಸಲೆಯ ನೀರು ಸಹ್ಯಾದ್ರಿಯ ಮಳೆನೀರು. ಪಾನಶೇತ್, ವರಸಗಾಂವ್, ಟೇಮಘರ್ ಜಲಾಶಯಗಳಿಂದ ಇಳಿದು ಬರುವ ಮೆದು ನೀರು. ನೀರಿನ ಆಮ್ಲೀಯತೆ ಹಠಾತ್ತಾಗಿ ಏರದಂತೆ ಹಿಡಿದಿಡುವುದು ಅದರಲ್ಲಿರುವ ಕಾರ್ಬೊನೇಟ್ ಅಂಶ. ಮೆದು ನೀರಿನಲ್ಲಿ ಅದು ಮೊದಲೇ ಕಡಿಮೆ, ಆರ್‌ಓ ಉಳಿದದ್ದನ್ನೂ ಕಸಿಯುತ್ತದೆ. ಬ್ಯಾಕ್ಟೀರಿಯಾ ಕೆಲಸ ಮಾಡಿದಷ್ಟೂ ಆಮ್ಲ ಹುಟ್ಟುತ್ತದೆ, ತಡೆಯುವವರು ಯಾರೂ ಇರುವುದಿಲ್ಲ.

ಲೆಕ್ಕವನ್ನೂ ನೋಡಿ. ಒಂದು ಲೀಟರ್ ಕೊಡಲು ಮೂರು ಲೀಟರ್ ಚರಂಡಿಗೆ ಬಿಡುವ ಯಂತ್ರವಾದರೆ, ವಾರಕ್ಕೆ 25 ಲೀಟರ್ ಬದಲಿಸಲು 75 ಲೀಟರ್ ಪೋಲು. ವರ್ಷಕ್ಕೆ 3,900 ಲೀಟರ್. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದು ಕೂರುವ ಊರಿದು. 500ಕ್ಕಿಂತ ಕಡಿಮೆ ಟಿಡಿಎಸ್ ಇರುವ ಕಡೆ ಮನುಷ್ಯರ ಕುಡಿಯುವ ನೀರಿಗೂ ಆರ್‌ಓ ಬೇಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತ್ತು. ನಾವು ಮೀನಿಗೂ ಹಾಕಿಸುತ್ತಿದ್ದೇವೆ!

2025ರ ಆರಂಭದಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನಲ್ಲಿ ಗೀಯನ್-ಬಾರೆ ಸಿಂಡ್ರೋಮ್ ಹರಡಿದ ಮೇಲೆ ನಲ್ಲಿ ನೀರೆಂದರೆ ಇಲ್ಲಿ ಹೆದರಿಕೆ. ಆ ಹೆದರಿಕೆ ನ್ಯಾಯವಾದದ್ದೇ. ನಾವು ಕುಡಿಯುವ ನೀರನ್ನು ಕುದಿಸೋಣ, ಪಾಲಿಕೆಯನ್ನು ಪ್ರಶ್ನಿಸೋಣ. ಆದರೆ ನಮ್ಮ ಹೊಟ್ಟೆಯ ಭಯವನ್ನು ಮೀನಿನ ತೊಟ್ಟಿಗೆ ಮಾರುವುದು ಬೇರೆ ಮಾತು. ಮೀನಿನ ಮಟ್ಟಿಗೆ ನಲ್ಲಿ ನೀರಿನ ದೊಡ್ಡ ಶತ್ರು ರೋಗಾಣುವನ್ನು ಕೊಲ್ಲಲು ನಾವೇ ಹಾಕುವ ಕ್ಲೋರಿನ್. ಅದಕ್ಕೆ ಅಗ್ಗದ ಮದ್ದಿದೆ: ಆಂಟಿ-ಕ್ಲೋರಿನ್ ಹೆಸರಿನಲ್ಲಿ ಸಿಗುವ ಸೋಡಿಯಂ ಥಯೋಸಲ್ಫೇಟ್. ಅದೂ ಇಲ್ಲದಿದ್ದರೆ ತೆರೆದ ಬಕೆಟ್ಟಿನಲ್ಲಿ ಒಂದು ದಿನ ನೀರು ಇಟ್ಟರೆ ಬರಿಯ ಕ್ಲೋರಿನ್ ಹಾರಿಹೋಗುತ್ತದೆ.

ಆರ್‌ಓ ಎಲ್ಲಿಯೂ ಬೇಡ ಎನ್ನುತ್ತಿಲ್ಲ. ಸಮುದ್ರದ ಮೀನು ಸಾಕುವವರಿಗೆ ಅದು ಬೇಕು. ಗಡಸು ಕೊಳವೆಬಾವಿ ನೀರನ್ನೋ ಟ್ಯಾಂಕರ್ ನೀರನ್ನೋ ನಂಬಿ ಡಿಸ್ಕಸ್‌ನಂಥ ಮೆದುನೀರಿನ ಮೀನು ಸಾಕುವವರಿಗೂ ಬೇಕಾಗಬಹುದು, ಅದೂ ಬೇರೆ ನೀರಿನೊಂದಿಗೆ ಬೆರೆಸಿ. ಗಪ್ಪಿ, ಮೋಲಿ, ಗೋಲ್ಡ್‌ಫಿಶ್ ಸಾಕುವವರಿಗೆ ಅಲ್ಲ.

ಅವರಿಗೆ ಬೇಕಾದದ್ದು ಗಾಳಿ ಪಂಪಿನಿಂದ ನಡೆಯುವ ಒಂದು ಸ್ಪಂಜ್ ಫಿಲ್ಟರ್, ಅಮೋನಿಯಾ ಮತ್ತು ನೈಟ್ರೈಟ್ ಅಳೆಯುವ ಕಿಟ್, ತಾಳ್ಮೆ. ಸ್ಪಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ತಿಂಗಳಿಗೊಮ್ಮೆ ಫಿಲ್ಟರಿನೊಳಗಿನದೆಲ್ಲ ಬದಲಿಸಿ ಎನ್ನುವವರ ಮಾತು ಕೇಳಿದರೆ ತಿಂಗಳಿಗೊಮ್ಮೆ ಮೊದಲಿಂದ ಶುರುಮಾಡುತ್ತೀರಿ.

ಮೇಲಿನ ಮನೆಯ ಆರ್‌ಓ ಈಗ ಬಟ್ಟೆ ಮುಚ್ಚಿಕೊಂಡು ಬಾಲ್ಕನಿಯಲ್ಲಿದೆ. ನನ್ನ ಹಳೆಯ ತೊಟ್ಟಿಯ ಕೊಳಕು ಸ್ಪಂಜಿನ ಅರ್ಧ ಭಾಗ ಅವರಿಗೆ ಕೊಟ್ಟೆ. ಹುಡುಗಿ ದಿನಾ ಕಿಟ್ಟಿನಲ್ಲಿ ನೀರು ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗಿ ನಿಂತ ಮೇಲೆ ಎರಡೇ ಮೀನು ತಂದರು. ನೂರು ಲೀಟರಿಗೆ ನಾಲ್ಕು ಗೋಲ್ಡ್‌ಫಿಶ್ ಹೆಚ್ಚೇ ಆಗಿತ್ತು, ಇದನ್ನೂ ಆಗ ಯಾರೂ ಹೇಳಿರಲಿಲ್ಲ.

ಮುಂದಿನ ಸಲ ಅಂಗಡಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿ: ‘ತೊಟ್ಟಿ ಇಟ್ಟ ಎಷ್ಟು ದಿನಕ್ಕೆ ಮೀನು ಬಿಡಬಹುದು?’ ಇವತ್ತೇ ಎಂದರೆ, ನಮಸ್ಕಾರ ಹೇಳಿ ಹೊರಬನ್ನಿ.