ಮೂವತ್ತು ಮಹಿಳೆಯರಿಗಾಗಿ ಒಂದು ಸಂವಿಧಾನ ತಿದ್ದುಪಡಿ

ಸ್ವಿಟ್ಸರ್ಲ್ಯಾಂಡ್‌ನಲ್ಲಿ ಮುಖ ಮುಚ್ಚುವ ನಿಖಾಬ್ ಧರಿಸುವ ಮಹಿಳೆಯರು ಎಷ್ಟು ಮಂದಿ ಇದ್ದಾರೆ? ಲೂಸರ್ನ್ ವಿಶ್ವವಿದ್ಯಾನಿಲಯದ ಸಂಶೋಧಕರು ಹುಡುಕಿ ಹೇಳಿದ ಅಂದಾಜು 20ರಿಂದ 30. ಬೇಸಿಗೆಯಲ್ಲಿ ಕೊಲ್ಲಿ ರಾಷ್ಟ್ರಗಳಿಂದ ಬಂದು ಹೋಗುವ ಪ್ರವಾಸಿಗರು ಈ ಲೆಕ್ಕದಲ್ಲಿಲ್ಲ. ಈ ಬೆರಳೆಣಿಕೆಯ ಮಹಿಳೆಯರ ಮುಖವನ್ನು ತೆರೆಸುವುದಕ್ಕಾಗಿ 2021ರ ಮಾರ್ಚ್ 7ರಂದು ಇಡೀ ದೇಶ ಮತಗಟ್ಟೆಗೆ ಹೋಯಿತು. ಶೇ. 51.2ರಷ್ಟು ಮಂದಿ ನಿಷೇಧದ ಪರ ಮತ ನೀಡಿದರು. ಸಂವಿಧಾನಕ್ಕೆ ಹೊಸ ವಿಧಿಯೊಂದು ಸೇರ್ಪಡೆಯಾಯಿತು. 2025ರ ಜನವರಿ 1ರಂದು ಕಾನೂನು ಜಾರಿಗೆ ಬಂತು. ಉಲ್ಲಂಘಿಸಿದವರಿಗೆ 1,000 ಫ್ರಾಂಕ್‌ಗಳವರೆಗೆ ದಂಡ.

ಈ ಅಭಿಯಾನದ ಹಿಂದಿದ್ದುದು 2009ರಲ್ಲಿ ಮಿನಾರಗಳ ನಿರ್ಮಾಣವನ್ನು ನಿಷೇಧಿಸಲು ಜನಮತ ಕೇಳಿದ ಗುಂಪೇ. ಆಗ ದೇಶದಲ್ಲಿದ್ದ ಮಿನಾರಗಳ ಸಂಖ್ಯೆ ನಾಲ್ಕು! ನಾಲ್ಕು ಮಿನಾರಗಳು, ಮೂವತ್ತು ನಿಖಾಬ್‌ಗಳು. ಸಮಸ್ಯೆ ಇಷ್ಟು ಚಿಕ್ಕದಾಗಿರುವಾಗ ಕಾನೂನು ಇಷ್ಟು ದೊಡ್ಡದೇಕೆ ಎಂಬ ಪ್ರಶ್ನೆ ಯಾರಿಗಾದರೂ ಏಳಬೇಕು. ಸ್ವಿಸ್ ಸರಕಾರಕ್ಕೂ ಎದ್ದಿತ್ತು. ಅದು ಈ ನಿಷೇಧವನ್ನು ವಿರೋಧಿಸಿತ್ತು. ಅಧಿಕಾರಿಗಳು ಗುರುತು ಪರಿಶೀಲಿಸಬೇಕಾದಾಗ ಮುಖ ತೋರಿಸಬೇಕು, ಅಷ್ಟು ಸಾಕು ಎಂಬ ಪರ್ಯಾಯ ಪ್ರಸ್ತಾವವೂ ಮುಂದಿತ್ತು. ಆ ವಿವೇಕದ ಮಾತು ಸೋತಿತು. ಅಂದಹಾಗೆ, ಮಹಿಳೆಯ ಸಮಾನತೆಯ ಹೆಸರಿನಲ್ಲಿ ಈ ಮತದಾನ ನಡೆಸಿದ ದೇಶ ತನ್ನ ಮಹಿಳೆಯರಿಗೆ ರಾಷ್ಟ್ರಮಟ್ಟದಲ್ಲಿ ಮತದಾನದ ಹಕ್ಕು ಕೊಟ್ಟದ್ದು 1971ರಲ್ಲಿ. ಅಪೆನ್‌ಝೆಲ್ ಇನ್ನರ್‌ರೋಡನ್ ಎಂಬ ಪ್ರಾಂತ್ಯದ ಮಹಿಳೆಯರು ಸ್ಥಳೀಯ ಮತದಾನದ ಹಕ್ಕಿಗಾಗಿ 1990ರ ತನಕ, ಅದೂ ನ್ಯಾಯಾಲಯದ ತೀರ್ಪಿನ ತನಕ ಕಾಯಬೇಕಾಯಿತು.

ಈ ಓಟವನ್ನು ರಾಷ್ಟ್ರಮಟ್ಟದಲ್ಲಿ ಆರಂಭಿಸಿದ್ದು ಫ್ರಾನ್ಸ್. 2009ರ ಜೂನ್‌ನಲ್ಲಿ ಅಧ್ಯಕ್ಷ ನಿಕೊಲಾ ಸರ್ಕೋಝಿಯವರು ವರ್ಸೇಲ್ಸ್‌ನಲ್ಲಿ ಸಂಸತ್ತನ್ನು ಉದ್ದೇಶಿಸಿ ಮಾತನಾಡುತ್ತಾ, ಬುರ್ಖಾಕ್ಕೆ ಫ್ರಾನ್ಸ್‌ನಲ್ಲಿ ಸ್ವಾಗತವಿಲ್ಲ ಎಂದು ಸಾರಿದರು. ಸಂಪೂರ್ಣ ನಿಷೇಧಕ್ಕೆ ಗಟ್ಟಿಯಾದ ಕಾನೂನಿನ ಆಧಾರವಿಲ್ಲ ಎಂದು ಆ ದೇಶದ ಅತ್ಯುನ್ನತ ಆಡಳಿತ ನ್ಯಾಯಸಂಸ್ಥೆಯೇ 2010ರ ಮಾರ್ಚ್‌ನಲ್ಲಿ ಎಚ್ಚರಿಸಿತ್ತು. ಆದರೂ ಜುಲೈಯಲ್ಲಿ ಕೆಳಮನೆಯಲ್ಲಿ ಮಸೂದೆಯ ಪರ 335 ಮತಗಳು ಬಿದ್ದವು, ವಿರುದ್ಧ ಬಿದ್ದುದು ಒಂದೇ ಒಂದು. ಸಮಾಜವಾದಿಗಳಲ್ಲಿ ಬಹುಪಾಲು ಮಂದಿ ಮತದಾನದಿಂದಲೇ ದೂರ ಉಳಿದರು. ಅಲ್ಪಸಂಖ್ಯಾತರ ವಿಷಯ ಬಂದಾಗ ಮೌನದ ಮರೆಗೆ ಸರಿಯುವ ಜಾತ್ಯತೀತರು ಎಲ್ಲ ದೇಶಗಳಲ್ಲೂ ಇದ್ದಾರೆ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ. 2011ರ ಎಪ್ರಿಲ್ 11ರಿಂದ ಕಾನೂನು ಜಾರಿಗೆ ಬಂತು. ಬಳಿಕ ಬೆಲ್ಜಿಯಮ್ (2011), ಆಸ್ಟ್ರಿಯ (2017), ಡೆನ್ಮಾರ್ಕ್ (2018) ಅದೇ ದಾರಿ ಹಿಡಿದವು. ನೆದರ್ಲ್ಯಾಂಡ್ಸ್ 2019ರಲ್ಲಿ ಶಾಲೆ, ಆಸ್ಪತ್ರೆ, ಸರಕಾರಿ ಕಚೇರಿ ಮತ್ತು ಸಾರ್ವಜನಿಕ ವಾಹನಗಳಿಗೆ ನಿಷೇಧವನ್ನು ಸೀಮಿತಗೊಳಿಸಿತು. 2025ರ ಅಕ್ಟೋಬರ್‌ನಲ್ಲಿ ಪೋರ್ಚುಗಲ್‌ನ ಸಂಸತ್ತು, ಬಲಪಂಥೀಯ ಶೇಗಾ ಪಕ್ಷ ಮಂಡಿಸಿದ ಇಂಥದೇ ಮಸೂದೆಗೆ ಒಪ್ಪಿಗೆ ನೀಡಿತು.

ನಿಷೇಧದ ಪರವಾಗಿ ಮುಖ್ಯವಾಗಿ ಮೂರು ವಾದಗಳನ್ನು ಮುಂದಿಡಲಾಗುತ್ತದೆ: ಭದ್ರತೆ, ಮಹಿಳಾ ವಿಮೋಚನೆ ಮತ್ತು ಕೂಡಿ ಬಾಳುವಿಕೆ. ಈ ಮೂರನ್ನೂ ಒರೆಗೆ ಹಚ್ಚಿದ್ದು ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ. ಫ್ರಾನ್ಸ್‌ನ ಕಾನೂನು ಜಾರಿಗೆ ಬಂದ ದಿನವೇ ಪಾಕಿಸ್ತಾನಿ ಮೂಲದ ಯುವ ಫ್ರೆಂಚ್ ಮಹಿಳೆಯೊಬ್ಬರು ಅಲ್ಲಿಗೆ ದೂರು ಸಲ್ಲಿಸಿದರು. ಅವರ ಹೆಸರನ್ನು ಗುಪ್ತವಾಗಿಡಲಾಯಿತು. ಆಕೆ ಹೇಳಿದ್ದಿಷ್ಟು: ಪತಿಯಾಗಲಿ ಕುಟುಂಬದವರಾಗಲಿ ತನ್ನ ಮೇಲೆ ಒತ್ತಡ ಹೇರಿಲ್ಲ, ಸದಾ ಕಾಲ ನಿಖಾಬ್ ಧರಿಸಬೇಕೆಂಬ ಹಟವೂ ತನಗಿಲ್ಲ, ಬ್ಯಾಂಕಿನಲ್ಲಿ, ವಿಮಾನ ನಿಲ್ದಾಣದಲ್ಲಿ ತಪಾಸಣೆಗಾಗಿ ಕೇಳಿದರೆ ಮುಖ ತೋರಿಸಲು ಸಿದ್ಧ, ಆದರೆ ಮನಸ್ಸು ಬಯಸಿದಾಗ ಧರಿಸುವ ಸ್ವಾತಂತ್ರ್ಯ ತನಗಿರಬೇಕು.

2014ರ ಜುಲೈ 1ರಂದು ತೀರ್ಪು ಬಂತು. ಭದ್ರತೆಯ ಹೆಸರಿನಲ್ಲಿ ಎಲ್ಲೆಡೆಯೂ, ಎಲ್ಲ ಸಮಯದಲ್ಲೂ ನಿಷೇಧ ಹೇರುವುದನ್ನು ಸಮರ್ಥಿಸಲಾಗದು ಎಂದಿತು ನ್ಯಾಯಾಲಯ. ಮಹಿಳೆಯರೇ ತಮ್ಮ ಹಕ್ಕೆಂದು ಹೇಳುವ ಆಚರಣೆಯೊಂದನ್ನು ಲಿಂಗ ಸಮಾನತೆಯ ಹೆಸರಿನಲ್ಲಿ ಸರಕಾರ ನಿಷೇಧಿಸಲಾಗದು ಎಂದೂ ಹೇಳಿತು. ಮಾನವ ಘನತೆಯ ವಾದವನ್ನೂ ತಳ್ಳಿಹಾಕಿತು. ಅಂದರೆ ಟಿವಿ ಚರ್ಚೆಗಳಲ್ಲಿ ನಾವು ದಿನವೂ ಕೇಳುವ ಎರಡು ಪ್ರಬಲ ವಾದಗಳೂ ಅಲ್ಲಿ ಬಿದ್ದುಹೋದವು. ಆದರೂ ಫ್ರಾನ್ಸ್ ಗೆದ್ದಿತು. ಕೂಡಿ ಬಾಳುವುದಕ್ಕೆ ಪರಸ್ಪರರ ಮುಖ ಕಾಣಿಸಬೇಕು ಎಂಬ ಮೂರನೆಯ ವಾದವೊಂದೇ ಅದನ್ನು ಉಳಿಸಿತು. ಹದಿನೇಳು ನ್ಯಾಯಾಧೀಶರ ಪೈಕಿ ಇಬ್ಬರು ಇದನ್ನು ಒಪ್ಪಲಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಇತರರೊಡನೆ ಬೆರೆಯದಿರುವ, ಹೊರಗಿನವಳಾಗಿಯೇ ಉಳಿಯುವ ಹಕ್ಕು ಕೂಡ ವ್ಯಕ್ತಿಗಿದೆ ಎಂದು ಅವರು ಬರೆದರು. 2018ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇನ್ನೂ ಮುಂದೆ ಹೋಗಿ, ದಂಡ ತೆತ್ತ ಇಬ್ಬರು ಮಹಿಳೆಯರ ಧಾರ್ಮಿಕ ಸ್ವಾತಂತ್ರ್ಯವನ್ನು ಫ್ರಾನ್ಸ್ ಉಲ್ಲಂಘಿಸಿದೆ ಎಂದಿತು. ಆ ಸಮಿತಿಯ ಅಭಿಪ್ರಾಯಕ್ಕೆ ಫ್ರಾನ್ಸ್ ಮಣಿಯಲಿಲ್ಲ.

ಕೂಡಿ ಬಾಳುವ ವಾದದ ಗಟ್ಟಿತನ ಎಷ್ಟೆಂಬುದನ್ನು ಜಗತ್ತು 2020ರಲ್ಲಿ ಕಂಡಿತು. ಕೊರೋನಾ ಕಾಲದಲ್ಲಿ ಅದೇ ಫ್ರಾನ್ಸ್ ರೈಲು ಬಸ್ಸುಗಳಲ್ಲಿ ಮುಖ ಮುಚ್ಚದವರಿಗೆ ದಂಡ ವಿಧಿಸಿತು, ಜೊತೆಗೆ ನಿಖಾಬ್ ಧರಿಸಿದವರಿಗೆ ದಂಡ ವಿಧಿಸುವ ಕಾನೂನನ್ನೂ ಉಳಿಸಿಕೊಂಡಿತು. ಮುಖ ಕಾಣದಿದ್ದರೂ ಆ ಜನರು ಪರಸ್ಪರ ಮಾತನಾಡಿದರು, ವೈದ್ಯರು ರೋಗಿಗಳನ್ನು ಉಪಚರಿಸಿದರು. ಫ್ರೆಂಚ್ ಸಮಾಜ ಕುಸಿದು ಬೀಳಲಿಲ್ಲ. ಇನ್ನು ಆಸ್ಟ್ರಿಯದ ಕಥೆ ನಗೆಪಾಟಲಿನದು. ಅಲ್ಲಿನ ಪೊಲೀಸರು ಅಂಗಡಿಯ ಜಾಹೀರಾತಿಗಾಗಿ ಶಾರ್ಕ್ ಮೀನಿನ ವೇಷ ತೊಟ್ಟು ನಿಂತಿದ್ದವನನ್ನೂ ಹಿಡಿದು ದಂಡ ಹಾಕಿದರು.

ಆದರೆ ನಗಲಾಗದ ಭಾಗವೂ ಇದೆ. ಫ್ರಾನ್ಸ್‌ನ ಕಾನೂನು ನಿಖಾಬ್ ಧರಿಸಿದವಳಿಗೆ 150 ಯೂರೋ ದಂಡ ವಿಧಿಸುತ್ತದೆ. ಬಲವಂತದಿಂದ ಧರಿಸುವಂತೆ ಮಾಡಿದವನಿಗೆ ಒಂದು ವರ್ಷ ಸೆರೆವಾಸ ಮತ್ತು 30,000 ಯೂರೋ ದಂಡವೆನ್ನುತ್ತದೆ. ಕೇಳಲು ನ್ಯಾಯವೆನಿಸುತ್ತದೆ. ಆದರೆ ಬೀದಿಯಲ್ಲಿ ತಡೆದು ನಿಲ್ಲಿಸಲ್ಪಡುವುದು ಯಾರು? ಆಕೆಯೇ. ಬಲವಂತಕ್ಕೆ ಒಳಗಾದ ಹೆಣ್ಣುಮಗಳಿದ್ದರೆ ಅವಳಿಗೆ ಎರಡು ಸಲ ಶಿಕ್ಷೆ, ಮನೆಯಲ್ಲಿ ಒಮ್ಮೆ, ಬೀದಿಯಲ್ಲಿ ಇನ್ನೊಮ್ಮೆ. ಸ್ವಂತ ಇಚ್ಛೆಯಿಂದ ಧರಿಸಿದವಳಾದರೆ ಅವಳನ್ನು ಯಾರಿಂದ ವಿಮೋಚನೆಗೊಳಿಸಿದಂತಾಯಿತು? 2011ರ ತನ್ನ ವರದಿಗಾಗಿ ಓಪನ್ ಸೊಸೈಟಿ ಸಂಸ್ಥೆ ಫ್ರಾನ್ಸ್‌ನ ಇಂತಹ 32 ಮಹಿಳೆಯರನ್ನು ಮಾತನಾಡಿಸಿತ್ತು. ನಿಖಾಬ್ ತಮ್ಮದೇ ಆಯ್ಕೆ ಎಂದವರು, ಬೀದಿಯಲ್ಲಿ ಅಪರಿಚಿತರಿಂದ ಬೈಗುಳ ತಿಂದವರು, ಈಗ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದ್ದೇವೆ ಎಂದವರು ಅವರಲ್ಲಿದ್ದರು. 2013ರ ಜುಲೈಯಲ್ಲಿ ಪ್ಯಾರಿಸ್ ಸಮೀಪದ ತ್ರಾಪ್ ಪಟ್ಟಣದಲ್ಲಿ ನಿಖಾಬ್ ಧರಿಸಿದ ಮಹಿಳೆಯ ತಪಾಸಣೆಯಿಂದ ಆರಂಭವಾದ ಜಗಳ ಪೊಲೀಸ್ ಠಾಣೆಯ ಮುಂದೆ ಗಲಭೆಯಾಗಿ ಬೆಳೆಯಿತು. ಮಹಿಳೆಯನ್ನು ಸಾರ್ವಜನಿಕ ಬದುಕಿಗೆ ತರುತ್ತೇವೆಂದು ಹೊರಟ ಕಾನೂನು ಆಕೆಯನ್ನು ನಾಲ್ಕು ಗೋಡೆಗಳ ನಡುವೆ ಕೂರಿಸಿತು.

ಇಷ್ಟು ಹೇಳಿ ಮುಗಿಸಿದರೆ ನಮ್ಮ ಓದುಗರಿಗೆ ಸಮಾಧಾನವಾದೀತು. ಆದರೆ ಮಾತು ಇಲ್ಲಿಗೇ ನಿಲ್ಲುವಂತಿಲ್ಲ. ಮುಖ ಮುಚ್ಚುವುದು ಕಡ್ಡಾಯವೇ ಎಂಬ ವಿಷಯದಲ್ಲಿ ನಮ್ಮ ವಿದ್ವಾಂಸರಲ್ಲೇ ಶತಮಾನಗಳಿಂದ ಭಿನ್ನಾಭಿಪ್ರಾಯವಿದೆ. ಮುಖ ಮತ್ತು ಮುಂಗೈ ತೆರೆದಿರಬಹುದು ಎಂದವರು ಅನೇಕರು. ಕಟ್ಟುನಿಟ್ಟಿನ ಸಲಫಿ ವಿದ್ವಾಂಸರೆಂದೇ ಹೆಸರಾದ ಶೇಖ್ ನಾಸಿರುದ್ದೀನ್ ಅಲ್ಬಾನಿಯವರೂ ಮುಖ ಮುಚ್ಚುವುದು ಕಡ್ಡಾಯವಲ್ಲವೆಂದೇ ವಾದಿಸಿದ್ದರು. ಹಜ್ಜ್‌ನ ಇಹ್ರಾಮ್‌ನಲ್ಲಿರುವ ಮಹಿಳೆ ನಿಖಾಬ್ ಧರಿಸಬಾರದೆಂಬ ಪ್ರವಾದಿವಚನ ಬುಖಾರಿಯಲ್ಲೇ ಇದೆ. ಈ ವಿಸ್ತಾರವಾದ ಚರ್ಚೆಯನ್ನು ನಮ್ಮ ಮಗಳಂದಿರಿಗೆ ಕಲಿಸಿದವರು ಎಷ್ಟು ಮಂದಿ? ಮದುವೆಯ ಮಾತುಕತೆಯಲ್ಲಿ ಹುಡುಗಿಯ ನಿಖಾಬ್ ಒಂದು ಷರತ್ತಾಗುವುದನ್ನು, ನಿನ್ನೆಯವರೆಗೆ ಕಾಲೇಜಿಗೆ ಹೋಗುತ್ತಿದ್ದವಳು ನಿಕಾಹ್‌ನ ಮರುದಿನ ಮುಖ ಮುಚ್ಚುವುದನ್ನು, ಅದೇ ವರದಕ್ಷಿಣೆ ಪಡೆದ ಮನೆಯವರು ಅದನ್ನು ಧರ್ಮನಿಷ್ಠೆ ಎನ್ನುವುದನ್ನು ನಾವು ಕಂಡಿಲ್ಲವೇ? ವರದಕ್ಷಿಣೆಯ ವಿಷಯದಲ್ಲಿ ನೆನಪಾಗದ ಶರೀಅತ್ ಸೊಸೆಯ ಮುಖದ ವಿಷಯದಲ್ಲಿ ಮಾತ್ರ ನೆನಪಾಗುವುದು ವಿಚಿತ್ರ. ಸ್ವಂತ ಇಚ್ಛೆಯಿಂದ ಧರಿಸುವವಳ ಹಕ್ಕಿಗಾಗಿ ಮಾತನಾಡುವ ನಮಗೆ, ಇಚ್ಛೆಯಿಲ್ಲದೆ ಧರಿಸುವವಳ ಬಗ್ಗೆ ಮೌನವಾಗಿರುವ ಅಧಿಕಾರವಿಲ್ಲ.

ಅದೇ ರೀತಿ, ಪ್ಯಾರಿಸ್‌ನ ಪೊಲೀಸನನ್ನು ಖಂಡಿಸಿದವರು ಟೆಹರಾನ್‌ನ ಪೊಲೀಸನನ್ನು ಸಮರ್ಥಿಸುವುದೂ ಸಲ್ಲದು. 2022ರ ಸೆಪ್ಟೆಂಬರ್‌ನಲ್ಲಿ, ಶಿರವಸ್ತ್ರ ಸರಿಯಾಗಿಲ್ಲವೆಂದು ಬಂಧಿತಳಾದ ಮಹ್ಸಾ ಅಮಿನಿ ವಶದಲ್ಲಿರುವಾಗಲೇ ಕುಸಿದು ಬಿದ್ದು ಮೃತಪಟ್ಟಳು. ಅದೇ ವರ್ಷದ ಮೇ ತಿಂಗಳಲ್ಲಿ ತಾಲಿಬಾನ್ ಅಫ್ಘಾನ್ ಮಹಿಳೆಯರು ಸಾರ್ವಜನಿಕವಾಗಿ ಮುಖ ಮುಚ್ಚಬೇಕೆಂದು ಆಜ್ಞಾಪಿಸಿತು, ಹುಡುಗಿಯರ ಪ್ರೌಢಶಾಲೆಗಳನ್ನಂತೂ ಅದಾಗಲೇ ಮುಚ್ಚಿತ್ತು. ಫ್ರಾನ್ಸ್ ತೆರೆ ಎನ್ನುತ್ತದೆ, ತಾಲಿಬಾನ್ ಮುಚ್ಚು ಎನ್ನುತ್ತದೆ; ಆಕೆಯನ್ನು ಕೇಳಬೇಕೆಂದು ಇಬ್ಬರಿಗೂ ಅನಿಸಿಲ್ಲ.

ಕರ್ನಾಟಕದ ನಮಗೆ ಈ ಚರ್ಚೆ ದೂರದ ಸುದ್ದಿಯಲ್ಲ. ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. 2022ರಲ್ಲಿ ಉಡುಪಿಯಿಂದ ಆರಂಭವಾದ ವಿವಾದದಲ್ಲಿ ಮುಖ ಮುಚ್ಚುವ ಪ್ರಶ್ನೆಯೇ ಇರಲಿಲ್ಲ. ತರಗತಿಯಲ್ಲಿ ತಲೆಗೆ ಒಂದು ತುಂಡು ಬಟ್ಟೆ ಹೊದ್ದುಕೊಳ್ಳಲು ಹುಡುಗಿಯರು ಕೇಳಿದ್ದರು. ಆದರೂ ಹಲವು ಟಿವಿ ಚರ್ಚೆಗಳಲ್ಲಿ ಶಿರವಸ್ತ್ರ, ಬುರ್ಖಾ, ನಿಖಾಬ್ ಎಲ್ಲವೂ ಒಂದೇ ಆಗಿಹೋದವು. ಫ್ರಾನ್ಸೇ ನಿಷೇಧಿಸಿದೆ ಎಂಬ ಉದಾಹರಣೆ ಹಾರಿಬಂತು. ರಾಜ್ಯ ಹೈಕೋರ್ಟ್ ಮಾರ್ಚ್ 15ರಂದು ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನ್ಯಾ. ಸುಧಾಂಶು ಧುಲಿಯಾ ಅವರು ತಮ್ಮ ತೀರ್ಪಿನಲ್ಲಿ ಎಲ್ಲಕ್ಕಿಂತ ಮುಂದೆ ಇಟ್ಟದ್ದು ಹುಡುಗಿಯ ಶಿಕ್ಷಣವನ್ನು. ಆ ವರ್ಷ ಪರೀಕ್ಷೆಗೆ ಕೂರಲಾಗದೆ ಮನೆಗೆ ಮರಳಿದ ಹುಡುಗಿಯರಿಗೆ, ದಂಡದ ಭಯದಿಂದ ಮನೆಯಲ್ಲೇ ಉಳಿದ ಪ್ಯಾರಿಸ್‌ನ ಹೆಣ್ಣುಮಕ್ಕಳಿಗೆ ಮತ್ತು ಶಾಲೆಯ ಬಾಗಿಲು ಮುಚ್ಚಿಸಿಕೊಂಡ ಕಾಬೂಲಿನ ಬಾಲಕಿಯರಿಗೆ ಅವರವರ ಸರಕಾರಗಳು ಹೇಳಿದ ಕಾರಣಗಳು ಬೇರೆ ಬೇರೆ. ಆ ಹುಡುಗಿಯರು ಹೋಗಿ ಸೇರಿದ ಸ್ಥಳ ಮಾತ್ರ ಒಂದೇ.